ಟೆನ್ಸಿಯೋಮೀಟರ್ ಪ್ರಕಾರ ಮಣ್ಣು ಹಸಿ, ಗಿಡ ಮಾತ್ರ ಬಾಡಿದೆ

ಪ್ರಶ್ನೆ:
ಟೊಮೆಟೊ ಸಾಲಿನಲ್ಲಿ ಎರಡು ಟೆನ್ಸಿಯೋಮೀಟರ್ (ನೀರು ತುಂಬಿದ ಕೊಳವೆ; ಅದರ ನೀರನ್ನು ಮಣ್ಣು ಎಷ್ಟು ಜೋರಾಗಿ ಎಳೆಯುತ್ತಿದೆ ಅಂತ ಮುಳ್ಳು ತೋರಿಸುತ್ತದೆ) ನೆಟ್ಟಿದ್ದೇನೆ. ಒಂದು 15 ಸೆಂ.ಮೀ. ಆಳಕ್ಕೆ, ಇನ್ನೊಂದು 30ಕ್ಕೆ. ಗೋಡು ಮಣ್ಣು, ಡ್ರಿಪ್ ಇದೆ. ಮೇಲಿನದು ನಾಲ್ಕೇ ದಿನದಲ್ಲಿ 25ರಿಂದ 78ಕ್ಕೆ ಏರಿತು. ಬೇರೆ ಕೆಲಸದ ಗಡಿಬಿಡಿಯಲ್ಲಿ ನೀರು ಬಿಡಲು ಆಗಲಿಲ್ಲ. ಇವತ್ತು ಬೆಳಿಗ್ಗೆ ನೋಡಿದರೆ ಮುಳ್ಳು 4ಕ್ಕೆ ಬಂದು ಕೂತಿದೆ! ಮಳೆ ಬಂದಿಲ್ಲ, ವಾಲ್ವ್ ಮುಟ್ಟಿಲ್ಲ. ಸೊನ್ನೆ ಹತ್ತಿರ ಇದ್ದರೆ ಮಣ್ಣು ಹಸಿ ಅಂತ ಅಲ್ವಾ? ಆದರೆ ಬಿಸಿಲು ಏರುವ ಮೊದಲೇ ಎಲೆ ಜೋತು ಬಿದ್ದಿದೆ. ಯಾವುದನ್ನು ನಂಬಲಿ?

ಉತ್ತರ 1:
ಗಿಡವನ್ನೇ ನಂಬಿ. ಮೊದಲು ವಾಲ್ವ್ ತೆರೆದು ಬನ್ನಿ, ಆಮೇಲೆ ಮುಂದೆ ಓದಿ.

ಟೆನ್ಸಿಯೋಮೀಟರ್ ಸುಮಾರು 80 ಸೆಂಟಿಬಾರ್‌ವರೆಗೆ (ಮುಳ್ಳು ತೋರಿಸುವ ಎಳೆತದ ಅಳತೆ) ಮಾತ್ರ ಕೆಲಸ ಮಾಡುತ್ತದೆ. ಮಣ್ಣು ಅದಕ್ಕಿಂತ ಒಣಗಿದರೆ ತುದಿಯ ಪಿಂಗಾಣಿ ಬಟ್ಟಲಿನಿಂದ ಗಾಳಿ ಒಳಗೆ ನುಗ್ಗುತ್ತದೆ. ಎಳೆತ ತಪ್ಪಿತು, ಮುಳ್ಳು ಬಿತ್ತು. ಕೊಳವೆಯಲ್ಲಿ ನೀರು ಎಷ್ಟಿದೆ ನೋಡಿ, ಇಳಿದಿರುತ್ತದೆ. ನಾನೂ ಒಮ್ಮೆ ಇದೇ ಸೊನ್ನೆ ನೋಡಿ ಮೂರು ದಿನ ಆರಾಮಾಗಿ ಕೂತಿದ್ದೆ. ಒಂದು ಸಾಲಿನ ಹೂವೆಲ್ಲ ಉದುರಿತು.

ಉತ್ತರ 2:
ಈ ರಗಳೆಯೇ ಬೇಡ ಅಂತ ನಾನು ಮಣ್ಣಿನಲ್ಲಿ ನೀರು ಶೇಕಡಾ ಎಷ್ಟಿದೆ ಅಂತ ತೋರಿಸುವ ಸೆನ್ಸರ್ ಹಾಕಿದೆ. ಅದರ ರಗಳೆ ಬೇರೆ. ಮರಳು ಮಣ್ಣಿನಲ್ಲಿ ಶೇ. 20 ಅಂದರೆ ಒಳ್ಳೇ ತೇವ. ಅದೇ 20 ಜಿಗುಟು ಮಣ್ಣಿನಲ್ಲಿ ಬಂದರೆ ಬೇರಿಗೆ ಹೀರಲು ಹೆಚ್ಚೇನೂ ಉಳಿದಿರುವುದಿಲ್ಲ.

ಪ್ರಶ್ನೆ ಕೇಳಿದವರು:
ನೀರು ಬಿಟ್ಟೆ. ಕೊಳವೆಯಲ್ಲಿ ನಾಲ್ಕು ಬೆರಳಷ್ಟು ಗಾಳಿ ಇತ್ತು! ಕಿತ್ತು ನೋಡಿದರೆ ಬಟ್ಟಲಿನ ಒಂದು ಬದಿಗೆ ಮಣ್ಣೇ ಅಂಟಿಲ್ಲ, ಬೆಳ್ಳಗೆ ಹಾಗೇ ಇದೆ. ಮತ್ತೆ ಹೇಗೆ ನೆಡಲಿ? ಎಷ್ಟಕ್ಕೆ ಬಂದಾಗ ನೀರು ಬಿಡಬೇಕು?

ಉತ್ತರ 1:
ಅಂಟದೇ ಇದ್ದಿದ್ದೂ ಒಂದು ತಪ್ಪು. ಬಟ್ಟಲನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ. ಕುದಿಸಿ ಆರಿಸಿದ ನೀರು ತುಂಬಿ, ಕೈಪಂಪಿನಿಂದ ಗಾಳಿ ತೆಗೆಯಿರಿ. ಗುಂಡಿಗೆ ಅದೇ ಜಾಗದ ಮಣ್ಣನ್ನು ಅಂಬಲಿಯ ಹಾಗೆ ಕಲಸಿ ಸುರಿದು, ಅದರೊಳಗೆ ಒತ್ತಿ ಕೂರಿಸಿ. ಡ್ರಿಪ್ಪರ್‌ನ ಬುಡಕ್ಕೇ ಬೇಡ, ಒಂದು ಗೇಣು ಆಚೆ ಇರಲಿ.

ಗೋಡು ಮಣ್ಣಾದರೆ ಮೇಲಿನದು 40 ತೋರಿಸಿದಾಗ ನಾನು ನೀರು ಬಿಡುತ್ತೇನೆ. ಮರಳಾಗಿದ್ದರೆ 20ಕ್ಕೇ ಬಿಡುತ್ತಿದ್ದೆ. ಎಷ್ಟು ಹೊತ್ತು ಅನ್ನುವುದಕ್ಕೆ ಕೆಳಗಿನದನ್ನು ನೋಡಿ. ಅದು ಏರುತ್ತಲೇ ಹೋದರೆ ನೀರು ಆಳಕ್ಕೆ ಮುಟ್ಟುತ್ತಿಲ್ಲ. ಸದಾ 10ರ ಕೆಳಗೇ ಇದ್ದರೆ ಜಾಸ್ತಿ ಬಿಡುತ್ತಿದ್ದೀರಿ, ಗೊಬ್ಬರವೂ ಅದರ ಜೊತೆ ಇಳಿದು ಹೋಗುತ್ತದೆ.

ಮುಳ್ಳನ್ನು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ. ಹೋದಾಗ ಕೊಳವೆಯ ನೀರನ್ನೂ ನೋಡಿ ಬನ್ನಿ.