ಸಹಾಯ ಬೇಕು: ಎಫ್‌ಮಾಡ್‌ನಲ್ಲಿ ಮಳೆಯ ಶಬ್ದವನ್ನು ಪದರಗಳಾಗಿ ಜೋಡಿಸುವುದು ಹೇಗೆ?

ಗುಂಪಿನ ಎಲ್ಲರಿಗೂ ನಮಸ್ಕಾರ. ಕಿರುಚಿತ್ರಗಳಿಗೆ ಧ್ವನಿಮುದ್ರಣ ಮಾಡಿ ಅಭ್ಯಾಸವಿರುವ ನಾನು, ಗೆಳೆಯರಿಬ್ಬರು ಯೂನಿಟಿ ಎಂಬ ಗೇಮ್ ತಯಾರಿಕಾ ತಂತ್ರಾಂಶದಲ್ಲಿ ಸಿದ್ಧಪಡಿಸುತ್ತಿರುವ, ಮಲೆನಾಡಿನ ಮಳೆಗಾಲದಲ್ಲಿ ನಡೆಯುವ ಪುಟ್ಟ ಗೇಮ್ ಒಂದರ ಶಬ್ದವಿನ್ಯಾಸವನ್ನು ಮೊದಲ ಬಾರಿಗೆ ಒಪ್ಪಿಕೊಂಡಿದ್ದೇನೆ. ಚಿತ್ರದಲ್ಲಿ ಯಾವ ಕ್ಷಣಕ್ಕೆ ಯಾವ ಶಬ್ದ ಎಂಬುದು ಮೊದಲೇ ನಿಶ್ಚಿತವಾಗಿರುತ್ತದೆ. ಆದರೆ ಆಡುವವರು ಯಾವಾಗ ಅಂಗಳಕ್ಕೆ ಇಳಿಯುತ್ತಾರೆ, ಯಾವಾಗ ಹೆಂಚಿನ ಮನೆಯೊಳಗೆ ಬರುತ್ತಾರೆ ಎಂಬುದು ಗೊತ್ತಿರುವುದಿಲ್ಲವಾದ್ದರಿಂದ, ಇಲ್ಲಿ ಶಬ್ದದ ಜೊತೆಗೆ ಅದು ಬದಲಾಗುವ ನಿಯಮವನ್ನೂ ರೂಪಿಸಬೇಕಾಗುತ್ತದೆ. ಗೇಮ್‌ಗೆ ಶಬ್ದ ಜೋಡಿಸುವ ತಂತ್ರಾಂಶಗಳಾದ ವೈಸ್ ಮತ್ತು ಎಫ್‌ಮಾಡ್ ಸ್ಟುಡಿಯೋ ಎರಡನ್ನೂ ತೆರೆದು ನೋಡಿ, ಟೈಮ್‌ಲೈನ್ ಪರಿಚಿತವೆನಿಸಿದ್ದರಿಂದ ಎಫ್‌ಮಾಡ್ ಆರಿಸಿಕೊಂಡೆ.

ಜಿನುಗು, ಹದವಾದ ಮಳೆ, ಜಡಿಮಳೆ ಎಂಬ 3 ಪದರಗಳನ್ನು ಒಂದೇ ಈವೆಂಟ್‌ನಲ್ಲಿ (ಗೇಮ್ ಕರೆದು ನುಡಿಸುವ ಶಬ್ದದ ಘಟಕ) ಇಟ್ಟು, 0ಯಿಂದ 1ರವರೆಗಿನ ಒಂದು ಪ್ಯಾರಾಮೀಟರ್‌ಗೆ (ಗೇಮ್ ಬದಲಿಸಬಲ್ಲ ಮೌಲ್ಯ) ಜೋಡಿಸಿದ್ದೇನೆ. ಒಂದು ಪದರದಿಂದ ಇನ್ನೊಂದಕ್ಕೆ ಸರಿಯುವ ನಡುವೆ ಮಳೆ ಕ್ಷಣಕಾಲ ಸೊರಗಿದಂತೆ ಕೇಳಿಸುತ್ತದೆ. ಪರಸ್ಪರ ಸಂಬಂಧವಿಲ್ಲದ ಎರಡು ಶಬ್ದಗಳನ್ನು ನೇರ ರೇಖೆಯಲ್ಲಿ ಬೆರೆಸಿದಾಗ ಮಧ್ಯಬಿಂದುವಿನಲ್ಲಿ ಸುಮಾರು 3 ಡೆಸಿಬೆಲ್ ಇಳಿಯುವುದೇ ಇದಕ್ಕೆ ಕಾರಣವೆಂದು ಭಾವಿಸಿದ್ದೇನೆ. ಹಾಗಾದರೆ ಫೇಡ್‌ನ (ಶಬ್ದ ಕ್ರಮೇಣ ಏರುವ, ಇಳಿಯುವ ಭಾಗದ) ವಕ್ರರೇಖೆಯನ್ನು ಉಬ್ಬಿಸುವುದು ಸಾಕೇ, ಅಥವಾ ಪ್ರತಿ ಪದರದ ವಾಲ್ಯೂಮ್‌ಗೆ ಪ್ರತ್ಯೇಕ ಆಟೊಮೇಷನ್ (ಪ್ಯಾರಾಮೀಟರ್‌ಗೆ ತಕ್ಕಂತೆ ತಾನಾಗಿ ಬದಲಾಗುವ ಏರಿಳಿತ) ಬರೆಯುವುದು ಲೇಸೇ?

ಮನೆಯೊಳಗೆ ಬಂದಾಗ ಮಳೆ ಮಂದವಾಗಿ ಕೇಳಿಸಬೇಕು, ಹೆಂಚಿನ ಮೇಲಿನ ಸದ್ದು ಮಾತ್ರ ಹತ್ತಿರವಾಗಬೇಕು. ಇದಕ್ಕೆ ಮಿಶ್ರಣದ ಹೊಂದಿಕೆಗಳನ್ನು ಒಟ್ಟಿಗೆ ಬದಲಿಸುವ ಸ್ನ್ಯಾಪ್‌ಶಾಟ್ ಬಳಸಬೇಕೇ, ಹೆಚ್ಚು ಕಂಪನಾಂಕದ ಸದ್ದನ್ನು ತಗ್ಗಿಸುವ ಲೋ-ಪಾಸ್ ಫಿಲ್ಟರ್‌ಗೆ ಇನ್ನೊಂದು ಪ್ಯಾರಾಮೀಟರ್ ಕೊಡಬೇಕೇ ಎಂಬುದೂ ಸ್ಪಷ್ಟವಾಗಿಲ್ಲ. ಮೊಬೈಲ್‌ನಲ್ಲೂ ಗೇಮ್ ಓಡಬೇಕಿರುವುದರಿಂದ, ದೀರ್ಘವಾದ ಮಳೆಯ ಕಡತಗಳನ್ನು ಸ್ಟ್ರೀಮ್ ಮಾಡುವ (ಪೂರ್ತಿ ಮೆಮೊರಿಗೆ ತುಂಬದೆ ತುಸುತುಸುವಾಗಿ ಓದಿಸುವ) ಬಗ್ಗೆ ಅನುಭವಸ್ಥರು ತಿಳಿಸಿದರೆ ತುಂಬ ಉಪಕಾರವಾಗುತ್ತದೆ. ಅಗತ್ಯವಿದ್ದರೆ ಈವೆಂಟ್‌ನ ಸ್ಕ್ರೀನ್‌ಶಾಟ್ ಹಾಕುತ್ತೇನೆ.