‘ದಂತಕವಚ ಬಣ್ಣ’ ಬೇಡ, ಸರಿ. ‘ಒಪ್ಪ’ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ನಮ್ಮ ಓಣಿಯ ನಾಲ್ಕು ಹುಡುಗರು ರಜೆಯಲ್ಲಿ ನನ್ನ ಹತ್ತಿರ ಮಾದರಿ ಕಾರುಗಳಿಗೆ ಬಣ್ಣ ಹಚ್ಚೋದು ಕಲಿಯುತ್ತಿದ್ದಾರೆ. ನಿಜವಾದ ಕಾರಿನ 24ನೇ ಒಂದು ಪಾಲು, ಹೆಚ್ಚುಕಡಿಮೆ ಗೇಣುದ್ದದ ಕಾರು. ಅವರಿಗಾಗಿ ಕನ್ನಡದಲ್ಲಿ ಒಂದು ಹಾಳೆ ಬರೆಯೋಣ ಅಂತ ಕೂತೆ. ಮೊದಲ ಸಾಲಿನಲ್ಲೇ ಎಡವಿದೆ. ‘ಎನಾಮೆಲ್ ಪೇಂಟ್’ ಅಂತ ಫೋನಿನ ಅನುವಾದಕ್ಕೆ ಕೊಟ್ಟರೆ ‘ದಂತಕವಚ ಬಣ್ಣ’ ಅಂತ ಬಂತು. ಸುಮ್ನೆ ಹಾಗೇ ಓದಿಬಿಟ್ಟೆ. ಒಬ್ಬ ಕೇಳಿದ: “ಕಾಕಾ, ಕಾರಿಗೂ ಹಲ್ಲ ಇರ್ತಾವೇನ್ರಿ?”

ಎನಾಮೆಲ್ ಅಂದರೆ ಮೂಲದಲ್ಲಿ ಲೋಹದ ಮೇಲೆ ಕರಗಿಸಿ ಕೂರಿಸಿದ ಗಾಜು. ಮೀನಾಕಾರಿ ಒಡವೆಯಲ್ಲಿ ಇರುತ್ತಲ್ಲ, ಅದು. ಹಾಗೇ ಗಟ್ಟಿಯಾಗಿ ಹೊಳೆಯುತ್ತೆ ಅಂತ ಹಲ್ಲಿನ ಮೇಲ್ಪದರಕ್ಕೂ ಈ ಬಣ್ಣಕ್ಕೂ ಅದೇ ಹೆಸರು ಅಂಟಿತು. ಅಂಗಡಿಯಲ್ಲಿ ಕೇಳಿದರೆ ‘ಆಯಿಲ್ ಪೇಂಟ್’ ಅಂತಾರೆ. ನಾನು ‘ಎನಾಮೆಲ್’ ಅಂತಲೇ ಉಳಿಸಿಕೊಂಡೆ.

ತೊಡಕು ಶುರುವಾಗೋದು ಒಣಗೋ ವಿಷಯದಲ್ಲಿ. ಈ ಬಣ್ಣ ಎರಡು ಸಲ ಒಣಗುತ್ತೆ. ಮೊದಲು ಅದರಲ್ಲಿನ ಥಿನ್ನರ್ ಹಾರಿಹೋಗುತ್ತೆ. ಕೆಲವು ಗಂಟೆಗಳಲ್ಲಿ ಬೆರಳಿಗೆ ಅಂಟೋದು ನಿಲ್ಲುತ್ತೆ. ಆಮೇಲೆ ಬಣ್ಣದೊಳಗಿನ ರಾಳ ಗಾಳಿಯಲ್ಲಿನ ಆಮ್ಲಜನಕ ಕುಡಿದು ನಿಧಾನವಾಗಿ ಗಟ್ಟಿಯಾಗುತ್ತೆ. ಇದಕ್ಕೆ ದಿನಗಟ್ಟಲೆ ಬೇಕು, ಪದರ ದಪ್ಪ ಇದ್ದರೆ ವಾರಗಳೇ. ಮೂಗಿನ ಹತ್ತಿರ ಹಿಡಿದರೆ ಇನ್ನೂ ವಾಸನೆ ಬರುತ್ತಿದ್ದರೆ ಕೆಲಸ ಮುಗಿದಿಲ್ಲ ಅಂತ ಅರ್ಥ. ಇದು ಗೊತ್ತಿಲ್ಲದೆ ನಾನೊಮ್ಮೆ ಮೂರನೇ ದಿನಕ್ಕೇ ತಿಕ್ಕೋಕೆ ಕೂತಿದ್ದೆ. ಬಾನೆಟ್ ಮೇಲಿನ ಕೆಂಪು ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕಾಗಿ ಕಿತ್ತುಬಂತು. ಕಾರುಗಳಿಗೆ ಬಣ್ಣ ಹೊಡೆಯುವ ಪರಿಚಯದವರೊಬ್ಬರು ನೋಡಿ ಹೇಳಿದರು: “ಮ್ಯಾಲ ಆರ್ಯಾದ್ರಿ, ಒಳಗ ಇನ್ನಾ ಹಸಿ ಅದ.”

ಎಷ್ಟು ಚೆನ್ನಾಗಿದೆ ನೋಡಿ. ಮೊದಲ ಹಂತಕ್ಕೆ ‘ಆರು’ ಸಿಕ್ಕೇಬಿಟ್ಟಿತು. ಎರಡನೆಯದಕ್ಕೆ? ‘ಒಣಗು’ ಅಂದರೆ ಏನೋ ಹೊರಗೆ ಹೋಗಬೇಕು. ಇಲ್ಲಿ ಒಳಗೆ ಬರುತ್ತಿದೆ. ನನಗೆ ‘ಬಲಿ’ ಹೊಳೆಯಿತು. ತೊಗರಿ ಕಾಯಿ ಬಲಿಯುತ್ತೆ, ಮಗುವಿನ ಎಲುಬು ಬಲಿಯುತ್ತೆ. ಬಣ್ಣವೂ ಬಲಿಯಲಿ, ಅಲ್ವಾ? ಒಂದೇ ಭಯ. ಅವಸರದಲ್ಲಿ ಯಾರಾದರೂ ‘ಬಣ್ಣ ಬಲಿಯಾಗಿದೆ’ ಅಂತ ಓದಿಕೊಂಡರೆ ಕಷ್ಟ. ನನ್ನ ಬಾನೆಟ್ಟಿಗಾದರೆ ಆ ಮಾತೂ ಒಪ್ಪುತ್ತೆ ಬಿಡಿ. ಹುಡುಗರು ತಾವಾಗಿಯೇ ‘ಪಕ್ಕಾ ಆಗ್ಯಾದ’ ಅಂತಾರೆ. ಅದೂ ಬರೆಯೋಕೆ ನಡೆಯುತ್ತಾ?

ತಿಕ್ಕುವ ಕಾಗದಕ್ಕೆ ಹೆಸರು ಬೇಕಾದಷ್ಟಿವೆ. ಪುಸ್ತಕದಲ್ಲಿ ಉಪ್ಪುಕಾಗದ. ಹಳೆಯ ಬಡಿಗೇರ ಬಾಯಲ್ಲಿ ರೇಗ್‌ಮಾಲ್, ಫಾರಸಿಯಲ್ಲಿ ‘ರೇಗ್’ ಅಂದರೆ ಮರಳು, ‘ಮಾಲ್’ ಅಂದರೆ ಉಜ್ಜೋದು. ನೀರು ಹಾಕಿ ತಿಕ್ಕುವಂಥದ್ದಕ್ಕೆ ವಾಟರ್ ಪೇಪರ್. ಅದೇ ಸಾಕು.

ಈಗ ಮುಖ್ಯ ಪ್ರಶ್ನೆ. ಬಣ್ಣ ಬಲಿತ ಮೇಲೆ 2000 ನಂಬರಿನ ವಾಟರ್ ಪೇಪರಿಗೆ ಒಂದು ಹನಿ ಸೋಪು ಹಾಕಿ ಮೆಲ್ಲಗೆ ತಿಕ್ಕುತ್ತೇವೆ. ಹೊಳಪು ಪೂರ್ತಿ ಹೋಗಿ ಕಾರು ಮಂಕಾಗುತ್ತೆ. ಹುಡುಗರು ಹೆದರೋದು ಇಲ್ಲೇ. ಆಮೇಲೆ 3000, ಅದಕ್ಕಿಂತ ನುಣುಪಿನದು, ಕೊನೆಗೆ ಮೆತ್ತನೆ ಬಟ್ಟೆಯಲ್ಲಿ ಕಾಂಪೌಂಡ್, ಅಂದರೆ ಉಜ್ಜಿ ಹೊಳಪು ತರುವ ಪೇಸ್ಟ್. ಗೀರುಗಳು ಸಣ್ಣದಾಗುತ್ತಾ ಹೋಗಿ ಕಣ್ಣಿಗೆ ಸಿಗದಂತಾದಾಗ ಬೆಳಕು ಚದುರದೆ ವಾಪಸ್ ಬರುತ್ತೆ. ಅಂಚುಗಳಲ್ಲಿ ಮಾತ್ರ ತಿಕ್ಕಬಾರದು. ಅಲ್ಲಿ ಬಣ್ಣ ತೆಳು, ಕೆಳಗಿನ ಪ್ರೈಮರ್ ಇಣುಕಿಬಿಡುತ್ತೆ.

ಇಲ್ಲಿ ಹೊಳಪನ್ನು ಯಾರೂ ಮೇಲಿಂದ ಹಚ್ಚಲಿಲ್ಲ. ತಿಕ್ಕಿ ತೆಗೆದದ್ದರಿಂದ ಬಂತು. ಇದಕ್ಕೆ ‘ಮೆರುಗು’ ಅನ್ನೋಕೆ ನನಗೆ ಮನಸ್ಸಿಲ್ಲ. ಮೆರುಗು ಹಚ್ಚುವಂಥದ್ದು. ವಾರ್ನಿಶ್‌ಗೆ ‘ಮೆರುಗೆಣ್ಣೆ’ ಅಂತ ನಿಘಂಟಿನಲ್ಲೇ ಇದೆಯಲ್ಲ. ಹಾಗಾಗಿ ಮೇಲೆ ಹೊಡೆಯುವ ಪಾರದರ್ಶಕ ಪದರಕ್ಕೆ ಮೆರುಗು ಇರಲಿ. ತಿಕ್ಕಿ ತರುವ ಹೊಳಪಿಗೆ ಹಳಗನ್ನಡದ ‘ಒಪ್ಪ’ ಬೇಕು ಅನ್ನಿಸುತ್ತೆ. ‘ಒಪ್ಪವಿಡು’ ಅಂದರೆ ಉಜ್ಜಿ ಹೊಳೆಯಿಸು. ಈಗ ಅದು ‘ಒಪ್ಪ ಓರಣ’ದಲ್ಲಿ ಮಾತ್ರ ಉಳಿದ ಹಾಗಿದೆ.

ಬೀದರಿನ ಬಿದ್ರಿ ಕೆಲಸ ನೋಡಿದರೆ ಈ ಭೇದ ಚೆನ್ನಾಗಿ ತಿಳಿಯುತ್ತೆ. ಸತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಉಜ್ಜಿ ನಯ ಮಾಡಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಮಾಡುತ್ತಾರೆ. ಕಡೆಗೆ ಎಣ್ಣೆ ಹಾಕಿ ತಿಕ್ಕುತ್ತಾರೆ. ಆ ಕಪ್ಪು ಬಳಿದ ಬಣ್ಣವಲ್ಲ, ಲೋಹವೇ ಕಪ್ಪಾಗಿದ್ದು. ಅಲ್ಲಿ ಏನಂತಾರೆ ಅಂತ ಆಸೆಯಿಂದ ಕೇಳಿದೆ. ‘ಪಾಲಿಶ್’ ಅಂದರು! ನಮ್ಮ ಪತ್ತಾರರೂ ಅದನ್ನೇ ಅಂತಾರೆ.

ಅದಕ್ಕೇ ಕೇಳೋದು. ಪಾತ್ರೆ, ಒಡವೆ, ಮರ, ಯಾವುದಕ್ಕಾದರೂ ಸರಿ, ನಿಮ್ಮ ಕಡೆ ‘ಒಪ್ಪ ಹಾಕು’, ‘ಒಪ್ಪ ಕೊಡು’ ಅಂತ ಬಾಯಲ್ಲಿ ಇನ್ನೂ ಇದೆಯಾ? ಇದ್ದರೆ ಜೊತೆಗೆ ಬರುವ ಕ್ರಿಯಾಪದ ಯಾವುದು? ಇಲ್ಲದಿದ್ದರೆ ‘ಪಾಲಿಶ್’ ಅಂತಲೇ ಬರೆದುಬಿಡುತ್ತೇನೆ, ಸತ್ತ ಪದವನ್ನು ಮಕ್ಕಳ ತಲೆಗೆ ಕಟ್ಟೋದಿಲ್ಲ.

ಅವಸರವೇನೂ ಇಲ್ಲ. ಹುಡುಗರು ದಿನಾ ಸಂಜೆ ಬಂದು ಕಾರಿನ ವಾಸನೆ ನೋಡಿ ಹೋಗುತ್ತಾರೆ. ನಿನ್ನೆಯೂ “ಇನ್ನಾ ಬರ್ತದ ಕಾಕಾ” ಅಂದರು.