ಸಹಾಯ ಬೇಕು: ಹೆಲ್ಮೆಟ್ ಒಳಗೆ ಜಡೆ ಎಲ್ಲಿ ಹೋಗುತ್ತೆ?

ಎಲ್ಲರಿಗೂ ನಮಸ್ಕಾರ. ಏಳನೇ ಕ್ಲಾಸಿನ ಹುಡುಗಿಯರಿಗೆ ಉದ್ಯೋಗಗಳ ಬಗ್ಗೆ ಒಂದು ಗಂಟೆ ಮಾತಾಡೋದು ನನ್ನ ಪಾಲಿಗೆ ಬಂದಿದೆ. ಹೋದ ಸಲ ಡಾಕ್ಟರ್, ಎಂಜಿನಿಯರ್ ಅಂತ ಪಟ್ಟಿ ಓದಿದೆ, ಅರ್ಧ ಜನ ಆಕಳಿಸ್ತಿದ್ರು. ಕೊನೆಗೆ ಒಬ್ಬಳು ಜಡೆಯ ತುದಿಯನ್ನ ಬೆರಳಿಗೆ ಸುತ್ತಿಕೊಳ್ತಾ, "ಮಿಸ್, ಲೇತ್ ಕೆಲಸಕ್ಕೆ ಸೇರಬೇಕಂದ್ರೆ ಕೂದಲು ಕತ್ತರಿಸ್ಲೇಬೇಕಾ?" ಅಂದ್ಲು. ನಿಜ ಹೇಳ್ತೀನಿ, ನನಗೆ ಉತ್ತರ ಗೊತ್ತಿರಲಿಲ್ಲ.

ಹಾಗಾಗಿ ಈ ಸಲ ಕೂದಲಿಂದಲೇ ಶುರು. 1645ರಲ್ಲಿ ಚೀನಾದ ಮಂಚು ದೊರೆಗಳು ಗಂಡಸರೆಲ್ಲ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕು ಅಂತ ಆಜ್ಞೆ ಮಾಡಿದ್ರು. ಒಪ್ಪದಿದ್ರೆ ತಲೆಯೇ ಹೋಗ್ತಿತ್ತು! 1920ರ ದಶಕದಲ್ಲಿ ಬಾಬ್ ಕಟ್ ಹೆಣ್ಣುಮಕ್ಕಳ ಸ್ವಾತಂತ್ರ್ಯದ ಗುರುತಾಯ್ತು. ದ್ರೌಪದಿಯ ಬಿಚ್ಚಿದ ಮುಡಿ ಬಿಡಿ, ಅದನ್ನ ಮಕ್ಕಳೇ ನನಗೆ ಹೇಳಿಕೊಡ್ತಾರೆ. ನನಗೆ ಹಿಡಿಸಿದ್ದು ಹಾಲಿವುಡ್ ನಟಿ ವೆರೋನಿಕಾ ಲೇಕ್ ವಿಷಯ. ಒಂದು ಕಣ್ಣಿನ ಮೇಲೆ ಇಳಿಬಿಟ್ಟ ಅವರ ಕೂದಲನ್ನ ಎಲ್ಲರೂ ಅನುಕರಿಸ್ತಿದ್ರು. ಎರಡನೇ ಮಹಾಯುದ್ಧದ ಹೊತ್ತಲ್ಲಿ, ಕಾರ್ಖಾನೆ ಹೆಂಗಸರ ಕೂದಲು ಯಂತ್ರಕ್ಕೆ ಸಿಕ್ಕೀತು ಅಂತ ಆಕೆ ಮೇಲೆತ್ತಿ ಕಟ್ಟಿ ತೋರಿಸಿದ್ರು.

ಈಗ ನೀವು ಹೇಳಿ. ವೆಲ್ಡಿಂಗ್, ಲ್ಯಾಬ್, ಅಗ್ನಿಶಾಮಕ ದಳ, ವಿಮಾನ, ಎಲ್ಲೇ ಇರಿ, ಕೂದಲನ್ನ ಹೇಗೆ ಕಟ್ತೀರಿ? ತುರುಬೋ, ನೆಟ್ಟೋ, ಬಿಗಿ ಜಡೆಯೋ? ಕೂದಲು ನೋಡಿಯೇ "ಇವಳಿಂದಾಗಲ್ಲ" ಅಂದವರಿದ್ರೆ ಅದನ್ನೂ ಬರೀರಿ. ಎರಡು ಸಾಲು ಸಾಕು. ಫೋಟೋ ಹಾಕೋದಾದ್ರೆ ತಲೆ ಹಿಂಭಾಗದ್ದು ಮಾತ್ರ, ಮುಖ ಬೇಡ. ಗುರುವಾರದೊಳಗೆ ಸಿಕ್ರೆ ಚಾರ್ಟ್‌ಗೆ ಅಂಟಿಸ್ತೀನಿ.